ಊರಿನ ಬದು ಮತ್ತು ಹೊರನಾಡಿನ ನಾವು

ನಮ್ಮ ಸಂಘದ ಯಾವ ಸಭೆಯಲ್ಲಾಗಲಿ 'ಗಡಿ' ಎಂಬ ಶಬ್ದ ಬಂದೊಡನೆ ಎಲ್ಲರ ಮನಸ್ಸೂ ಬೆಳಗಾವಿಯತ್ತ ಹೊರಳುತ್ತದೆ. ಮಹಾಜನ ಆಯೋಗದ 1967ರ ವರದಿ, ಮಹಾರಾಷ್ಟ್ರ ಸರಕಾರ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆ, ಇವೆಲ್ಲ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಪುಣೆಯಲ್ಲಿ ನೆಲಸಿದ ಕನ್ನಡಿಗರಿಗೆ ಇದು ಸಹಜವೂ ಹೌದು. ಆದರೆ ಊರಿನಲ್ಲಿರುವ ನಮ್ಮ ಹೊಲದ ಪೂರ್ವಕ್ಕೆ ಯಾರ ಹೊಲವಿದೆ, ಗಡಿಕಲ್ಲು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರಿಸಬಲ್ಲೆವು? ಈ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಳ್ಳಬೇಕಾಗಿ ಬಂದ ಪ್ರಸಂಗವೊಂದನ್ನು ಓದುಗರ ಮುಂದಿಡುತ್ತೇನೆ.

ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ನಮಗೆ 3 ಎಕರೆ 20 ಗುಂಟೆ ಪಿತ್ರಾರ್ಜಿತ ಹೊಲವಿದೆ. ಚಿಕ್ಕಪ್ಪನವರು ಇರುವವರೆಗೆ ಅವರೇ ಅದನ್ನು ನೋಡಿಕೊಂಡರು. 2011ರಲ್ಲಿ ಅವರು ತೀರಿಕೊಂಡ ಬಳಿಕ ಹೊಲವನ್ನು ಕೇಳುವವರಿಲ್ಲವಾಯಿತು. ಕೇಂದ್ರ ಸರಕಾರದ ನೌಕರನಾದ ನಾನು ಪ್ರತಿ ವರ್ಷ ಜನವರಿ ಮುಗಿಯುವುದರೊಳಗೆ ಸ್ಥಿರಾಸ್ತಿ ವಿವರಪತ್ರವನ್ನು ಸಲ್ಲಿಸಬೇಕು. ಅದರಲ್ಲಿ 3 ಎಕರೆ 20 ಗುಂಟೆ ಎಂದು ತಪ್ಪದೆ ಬರೆದು ಸಹಿ ಹಾಕುತ್ತಿದ್ದೆ. ಹೊಲವನ್ನು ಮಾತ್ರ ಹನ್ನೊಂದು ವರ್ಷ ನೋಡಿರಲಿಲ್ಲ.

2022ರ ದೀಪಾವಳಿಗೆ ಊರಿಗೆ ಹೋದಾಗ ಹೊಲದ ಒಂದು ಮಗ್ಗುಲು ಕಿರಿದಾದಂತೆ ಕಂಡಿತು. ಬಾಲ್ಯದಲ್ಲಿ ನಾವು ಬುತ್ತಿ ಬಿಚ್ಚಿ ಕೂಡುತ್ತಿದ್ದ ಬನ್ನಿಗಿಡ ಬದುವಿನ ಮೇಲೆಯೇ ಇತ್ತು. ಈಗ ಅದು ನೆರೆಯವರ ಬಿಳಿಜೋಳದ ನಡುವೆ ನಿಂತಿತ್ತು. ನೆರೆಯವರು ತಂದೆಯವರ ಓರಗೆಯವರು. "ಕಾಕಾ, ಬದು ಸರದೈತಲ್ರಿ" ಎಂದೆ. ಅವರು ತಲೆಯೆತ್ತಿ ನೋಡಿ, "ಹನ್ನೊಂದು ವರ್ಷದಾಗ ಒಮ್ಮೆನೂ ಈ ಕಡೆ ಬಂದಿಲ್ಲ, ಸಾಹೇಬ್ರ. ನಿಮ್ಮ ಬದು ಎಲ್ಲೈತಿ ನೀವs ತೋರಸ್ರಿ" ಎಂದರು. ತೋರಿಸಲು ನನ್ನಿಂದ ಆಗಲಿಲ್ಲ. 'ತಮ್ಮಾ' ಎಂದು ಕರೆಯುತ್ತಿದ್ದವರು 'ಸಾಹೇಬ್ರ' ಎಂದದ್ದು ಹೊಲ ಕಿರಿದಾದುದಕ್ಕಿಂತ ಹೆಚ್ಚು ನೋಯಿಸಿತು.

ಒತ್ತುವರಿ ಒಂದೇ ದಿನದಲ್ಲಿ ಆಗುವಂಥದಲ್ಲ. ವರ್ಷಕ್ಕೊಂದು ಸಾಲು ಬದುವನ್ನು ಕೊರೆಯುತ್ತ ಹೋದರೆ ಸಾಕು. ಒಂದು ಸಾಲು ಎಂದರೆ ಒಂಬತ್ತು ಅಂಗುಲ ಎಂದಿಟ್ಟುಕೊಳ್ಳೋಣ. ನಾಲ್ಕುನೂರು ಅಡಿ ಉದ್ದದ ಬದುವಿನಲ್ಲಿ ಹನ್ನೊಂದು ವರ್ಷಕ್ಕೆ ಅದು ಸುಮಾರು ಮೂರು ಗುಂಟೆಯಾಗುತ್ತದೆ. ಯಾವ ವರ್ಷವೂ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಇಂಥ ಸಂದರ್ಭದಲ್ಲಿ ಹೊರನಾಡಿನ ನಮಗೆ ಎರಡು ಪ್ರಲೋಭನೆಗಳಿವೆ. ಮೊದಲನೆಯದು, 'ಹೋದರೆ ಹೋಗಲಿ, ಮೂರು ಗುಂಟೆಗೆ ಏನು ಜಗಳ' ಎಂಬ ಔದಾರ್ಯ. ಮೇಲ್ನೋಟಕ್ಕೆ ಔದಾರ್ಯವೆನಿಸುವ ಇದು ಬಹುಮಟ್ಟಿಗೆ ಆಲಸ್ಯವೇ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಪರರು ನಮ್ಮ ಸ್ಥಿರಾಸ್ತಿಯನ್ನು ನಮ್ಮ ಹಕ್ಕಿಗೆ ಪ್ರತಿಕೂಲವಾಗಿ ಸ್ವಾಧೀನದಲ್ಲಿಟ್ಟುಕೊಂಡ ದಿನದಿಂದ 12 ವರ್ಷಗಳೊಳಗೆ ನಾವು ದಾವೆ ಹೂಡಬೇಕು. ಹೂಡದಿದ್ದರೆ ಹಕ್ಕೇ ನಶಿಸುತ್ತದೆ. ಆ ಸ್ವಾಧೀನ ಬಹಿರಂಗವೂ ನಿರಂತರವೂ ಆಗಿತ್ತೆಂದು ರುಜುವಾತು ಮಾಡುವ ಹೊಣೆ ಹಾಗೆ ವಾದಿಸುವವರದು ಎಂಬುದು ನಿಜ. ಈ ನಿಯಮವನ್ನು ಪುನರ್ವಿಮರ್ಶಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸೂಚಿಸಿದ್ದೂ ಉಂಟು. ಆದರೆ ಕಾನೂನು ಆಯೋಗ 2023ರ ತನ್ನ 280ನೆಯ ವರದಿಯಲ್ಲಿ ಬದಲಾವಣೆ ಬೇಡವೆಂದೇ ಅಭಿಪ್ರಾಯಪಟ್ಟಿತು. ಹನ್ನೆರಡು ವರ್ಷ ತನ್ನ ನೆಲದ ಕಡೆ ತಿರುಗಿ ನೋಡದವನ ಬಗ್ಗೆ ಕಾನೂನಿಗೆ ಹೆಚ್ಚು ಮರುಕವಿಲ್ಲ. ನನ್ನ ಲೆಕ್ಕದಲ್ಲಿ ಉಳಿದದ್ದು ಕೇವಲ ಒಂದು ವರ್ಷ.

ಎರಡನೆಯ ಪ್ರಲೋಭನೆ ಅಧಿಕಾರದ್ದು. ಜಿಲ್ಲೆಯ ಹಿರಿಯ ಅಧಿಕಾರಿಯೊಬ್ಬರಿಗೆ ಒಂದು ಮಾತು ಹೇಳಿ, ಪೋಲೀಸರನ್ನು ಕಳಿಸಿ, ಬದುವನ್ನು ಒಂದೇ ದಿನದಲ್ಲಿ ಸರಿಪಡಿಸಬಹುದೆಂದು ಹಿತೈಷಿಗಳು ಸಲಹೆಯಿತ್ತರು. ದೂರವಾಣಿಯನ್ನು ಕೈಗೆತ್ತಿಕೊಂಡಿದ್ದೆ ಎಂಬುದನ್ನೂ ಮರೆಮಾಚುವುದಿಲ್ಲ. ಆದರೆ ನೆರೆಯವರು ನೇಗಿಲ ಬಲದಿಂದ ಗಡಿಯನ್ನು ದಾಟಿದರೆ, ಹುದ್ದೆಯ ಬಲದಿಂದ ನಾನು ಇನ್ನೊಂದು ಗಡಿಯನ್ನು ದಾಟಿದಂತಾಗುತ್ತಿತ್ತು. ಹಕ್ಕು ನಮ್ಮದೇ ಆಗಿದ್ದರೂ, ನೆಲೆಯೂರಿದ ಸ್ವಾಧೀನದಲ್ಲಿರುವವರನ್ನು ನ್ಯಾಯಮಾರ್ಗದ ಹೊರತು ಬಲಾತ್ಕಾರದಿಂದ ಹೊರಹಾಕುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಅಳೆಯಬೇಕು. ನಮ್ಮ ಭಾಗದ ಹೊಲಗಳ ಮೋಜಣಿ ಇಂದಿನದಲ್ಲ; ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದ ಅಧಿಕಾರಿಗಳು ಹತ್ತೊಂಬತ್ತನೆಯ ಶತಮಾನದ ನಡುವೆ ಮುಂಬಯಿ ಪ್ರಾಂತದಲ್ಲಿ ಸರ್ವೆ ನಂಬರುಗಳ ಪದ್ಧತಿಯನ್ನು ನೆಲೆಗೊಳಿಸಿದರು. ಇಂದಿಗೂ 'ಹದ್ದುಬಸ್ತು' ಎಂಬ ಅರ್ಜಿಯನ್ನು ಕೊಟ್ಟು ಶುಲ್ಕ ತುಂಬಿದರೆ ಭೂಮಾಪಕರು ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು, ಹಳೆಯ ದಾಖಲೆಗಳ ಆಧಾರದಿಂದ ಅಳೆದು, ಗಡಿಯನ್ನು ಗುರುತಿಸುತ್ತಾರೆ. ಪಹಣಿಯಲ್ಲಿ ನಮ್ಮ ಹೆಸರಿದೆ ಎಂದು ನೆಮ್ಮದಿಯಿಂದ ಕುಳಿತರೆ ಸಾಲದು. ಪಹಣಿ ಹೆಸರನ್ನೂ ಕ್ಷೇತ್ರವನ್ನೂ ಹೇಳುತ್ತದೆ. ಬದು ಎಲ್ಲಿದೆ ಎಂದು ಹೇಳುವುದಿಲ್ಲ.

ನಾನು ಸುಗ್ಗಿ ಮುಗಿಯುವವರೆಗೆ ಕಾದೆ. 2023ರ ಏಪ್ರಿಲ್‌ನಲ್ಲಿ ರಜೆ ಹಾಕಿ ಹೋಗಿ, ಊರಿನ ನಾಲ್ವರು ಹಿರಿಯರ ಸಮಕ್ಷಮ ಮೋಜಣಿ ಮಾಡಿಸಿದೆ. ಬನ್ನಿಗಿಡ ಗಡಿಯ ಮೇಲೆಯೇ ಬಂತು. ಮೂರು ಗುಂಟೆ ನಮ್ಮದೆಂದು ಸಿದ್ಧವಾಯಿತು. ನೆರೆಯವರು ಅಂದು ಕೂಗಾಡಿದರು. ಮರುವಾರ ಒಂದು ಕಲ್ಲು ಕಿತ್ತುಹೋದ ಸುದ್ದಿಯೂ ಬಂತು. ವಕೀಲರಿಂದ ನೋಟೀಸು ಕೊಡಿಸಿದೆ; ಜೊತೆಗೆ ಕೈಬರಹದಲ್ಲಿ ಒಂದು ಪತ್ರವನ್ನೂ ಬರೆದೆ. 'ಹಿಂದಿನ ಫಸಲಿನ ಲೆಕ್ಕ ಕೇಳುವುದಿಲ್ಲ, ಕಲ್ಲನ್ನು ಮಾತ್ರ ಇದ್ದಲ್ಲಿ ಇರಗೊಡಿರಿ' ಎಂಬುದಷ್ಟೇ ಅದರ ಒಕ್ಕಣೆ. ಮುಂಗಾರಿಗೆ ಮೊದಲು ಹಿರಿಯರು ಕೂಡಿಸಿ ಮಾತಾಡಿಸಿದರು. ಇಬ್ಬರೂ ಸಹಿ ಹಾಕಿದ ಕಾಗದವಾಯಿತು, ಕಲ್ಲು ಮತ್ತೆ ನಿಂತಿತು. ಒಪ್ಪದಿದ್ದರೆ ದಿವಾಣಿ ನ್ಯಾಯಾಲಯವೇ ಗತಿಯಾಗುತ್ತಿತ್ತು, ಅದಕ್ಕೂ ಸಿದ್ಧನಾಗಿದ್ದೆ. ಮೋಜಣಿಯ ನಕ್ಷೆ ಕೈಯಲ್ಲಿದ್ದುದರಿಂದಲೇ ಸಂಧಾನದ ಮಾತಿಗೆ ತೂಕ ಬಂತೆಂದು ನನ್ನ ನಂಬಿಕೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹೊಲವನ್ನು ಉಳುವವರು ಅವರು, ಊರನ್ನು ಬಿಟ್ಟವರು ನಾವು. ನೆಲದ ಮೇಲೆ ನಮಗೇನು ನೈತಿಕ ಹಕ್ಕು? 1974ರ ಭೂಸುಧಾರಣೆಯನ್ನು ಕಂಡ ಕರ್ನಾಟಕದವರಿಗೆ ಈ ಪ್ರಶ್ನೆ ಹೊಸದಲ್ಲ, ಅದನ್ನು ಹಗುರಾಗಿ ತಳ್ಳಿಹಾಕುವಂತೆಯೂ ಇಲ್ಲ. ಆದರೆ ಆ ಸುಧಾರಣೆ ಗೇಣಿದಾರನಿಗೆ ಕಾನೂನಿನ ಮೂಲಕ, ಅರ್ಜಿ ವಿಚಾರಣೆಗಳ ಮೂಲಕ ಹಕ್ಕನ್ನು ಕೊಟ್ಟಿತು. ಕತ್ತಲೆಯಲ್ಲಿ ಕಲ್ಲು ಕೀಳುವುದಕ್ಕೆ ಅದು ಸಮರ್ಥನೆಯಾಗದು. ಬದುವನ್ನು ಕೊರೆಯುವ ನೇಗಿಲು ಇಂದು ಪುಣೆಯಲ್ಲಿರುವವನ ಹೊಲಕ್ಕೆ ಬಂದರೆ, ನಾಳೆ ಊರಿನಲ್ಲಿಯೇ ಇರುವ ವಿಧವೆಯೊಬ್ಬಳ ಹೊಲಕ್ಕೂ ಬಂದೀತು. ಮೂರು ಗುಂಟೆಯನ್ನು ಬಿಟ್ಟುಕೊಡದಿರಲು ನನಗಿದ್ದ ಮುಖ್ಯ ಕಾರಣ ಇದೇ.

ಆದರೂ ಆ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ನೆರೆತನವೂ ಒಂದು ಸಾಗುವಳಿಯೇ. ಮಾಡದೆ ಬಿಟ್ಟರೆ ಕಳೆ ಬೆಳೆಯುತ್ತದೆ. ಹನ್ನೊಂದು ವರ್ಷ ಅವರ ಮನೆಯ ಮದುವೆಗೂ ಹೋಗದೆ, ಸಾವಿಗೂ ಹೋಗದೆ ಇದ್ದವನು ನಾನು. ಅದಕ್ಕಾಗಿ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿ ಹೊಲದ ನಾಲ್ಕೂ ಬದುಗಳ ಮೇಲೆ ನಡೆಯಿರಿ, ಮಕ್ಕಳನ್ನೂ ಕರೆದೊಯ್ಯಿರಿ. ಪಹಣಿಯನ್ನು ವರ್ಷವರ್ಷವೂ ತೆಗೆಸಿ ನೋಡಿರಿ. ಹತ್ತು ವರ್ಷಕ್ಕೊಮ್ಮೆ ಅಳತೆ ಮಾಡಿಸಿರಿ. ಮರಳುವ ಮುನ್ನ ನೆರೆಯವರ ಕಟ್ಟೆಯ ಮೇಲೆ ಕುಳಿತು ಒಂದು ಕಪ್ಪು ಚಹಾ ಕುಡಿದು ಬನ್ನಿರಿ.

ಕಳೆದ ಸಲ ಹೋದಾಗ ನಾನು ಹಾಗೆಯೇ ಮಾಡಿದೆ. ಮಾತು ಹೆಚ್ಚು ಬೆಳೆಯಲಿಲ್ಲ. ಏಳುವಾಗ ಅವರು, "ಮುಂದಿನ ಸಲ ಯಾವಾಗ ಬರ್ತಿ, ತಮ್ಮಾ?" ಎಂದು ಕೇಳಿದರು.