ವಿಮಾನ ಗಟ್ಟಿಯಿತ್ತು, ರನ್‌ವೇ ಕೈಕೊಟ್ಟಿತು

ಏರೋಸ್ಪೇಸ್ ಅಂದ್ರೆ ನಾವೆಲ್ಲ ಕಣ್ಣರಳಿಸ್ತೀವಿ. ಟಾರು, ಜಲ್ಲಿ ಅಂದ್ರೆ ಮೂಗು ಮುರೀತೀವಿ. ಅಟ್ಲಾಂಟಿಕ್ ಸಾಗರದ ನಟ್ಟನಡುವಿನ ಅಸೆನ್ಶನ್ ದ್ವೀಪದ ಕಥೆ ಕೇಳಿ.

ಬ್ರಿಟನ್ನಿನಿಂದ ಫಾಕ್‌ಲ್ಯಾಂಡ್ಸ್‌ಗೆ ಸುಮಾರು 12,800 ಕಿ.ಮೀ. ಸೈನ್ಯ ಗೊತ್ತುಮಾಡಿದ ವಿಮಾನ ಯೋಧರ ಜೊತೆ ಸಾಮಾನ್ಯ ಜನರನ್ನೂ ಹೊತ್ತು, ಇಂಧನಕ್ಕಾಗಿ ಅಸೆನ್ಶನ್‌ನಲ್ಲಿ ಇಳಿಯುತ್ತಿತ್ತು. ಅಲ್ಲಿನ ರನ್‌ವೇ 1942ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಕಟ್ಟಿದ್ದು. 2017ರ ಏಪ್ರಿಲ್‌ನಲ್ಲಿ ಆ ವಿಮಾನ ಅಲ್ಲಿಗೆ ಬರೋದೇ ನಿಂತಿತು. ಕೆಟ್ಟಿದ್ದು ಎಂಜಿನ್ ಅಲ್ಲ, ರನ್‌ವೇಯಲ್ಲಿ ಗುಂಡಿ! ಫಾಕ್‌ಲ್ಯಾಂಡ್ಸ್ ವಿಮಾನ ಬೇರೆ ದಾರಿ ಹಿಡಿಯಿತು. ಅಸೆನ್ಶನ್‌ನಲ್ಲಿ ದುಡಿಯುವವರಿಗೆ ಆಮೇಲೆ ಸಿಕ್ಕಿದ್ದು ಸೇಂಟ್ ಹೆಲೆನಾದಿಂದ ತಿಂಗಳಿಗೊಂದು ಸಣ್ಣ ವಿಮಾನ. ರನ್‌ವೇ ದುರಸ್ತಿಗೆ ವರ್ಷಗಳೇ ಹಿಡಿದವು.

ನಮ್ಮೂರಲ್ಲಿ ಒಂದು ರಸ್ತೆ ಹಾಳಾದರೆ ಪಕ್ಕದ ರಸ್ತೆ ಹಿಡೀಬಹುದು. ದ್ವೀಪಕ್ಕೆ ಇನ್ನೊಂದು ರನ್‌ವೇ ಎಲ್ಲಿಂದ ತರೋಣ?

ಹೊಸದು ಕಟ್ಟಿದರೆ ರಿಬ್ಬನ್ ಕತ್ತರಿಸ್ತಾರೆ, ಗುಂಡಿ ಮುಚ್ಚಿದವರಿಗೆ ಚಪ್ಪಾಳೆ ಇಲ್ಲ. ನಿರ್ವಹಣೆಯೂ ಎಂಜಿನಿಯರಿಂಗೇ ಅಂತ ನಾವೇ ಒಪ್ಪದಿದ್ದರೆ ಇನ್ಯಾರು ಒಪ್ಪಬೇಕು? ಮುಂದಿನ ಟೆಕ್ ಫೆಸ್ಟಲ್ಲಿ ಡ್ರೋನ್‌ಗಳ ಪಕ್ಕ ಒಂದು ರನ್‌ವೇ ಮಾಡೆಲ್ಲೂ ಇರಲಿ. ಸಿವಿಲ್‌ನವರೇ, ಸ್ಟಾಲ್ ನಿಮ್ದು; ಚಪ್ಪಾಳೆ ನಮ್ದು.