ಬಳಸಿದ ನೀರು ಹೊಲಕ್ಕೆ: ಸೋಮನಹಳ್ಳಿಗೆ ಯಾವ ವಿಧಾನ ಲೇಸು?

ಬೆಂಗಳೂರಿನ ನಲ್ಲಿಗಳಲ್ಲಿ ಹರಿಯುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ರಾಜಧಾನಿಗೆ ಏರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಹಾಗೆ ಬಳಸಿದ ನೀರಿನ ಒಂದು ಪಾಲು ಸಂಸ್ಕರಣಗೊಂಡು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳನ್ನು ಸೇರುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬುದು ಆ ಯೋಜನೆಯ ಗುರಿ. ನೀರನ್ನು ಕಳುಹಿಸಿಕೊಡುವ ಮದ್ದೂರು-ಮಳವಳ್ಳಿ ಸೀಮೆಯ ಉದ್ಯಮಿಗಳು ಮಾತ್ರ ತಮ್ಮ ತ್ಯಾಜ್ಯನೀರನ್ನು ಇಂದಿಗೂ ಬರಿಯ ಖರ್ಚಿನ ಬಾಬ್ತೆಂದೇ ಎಣಿಸುತ್ತಿರುವುದು ವಿಪರ್ಯಾಸ.

ವಿಶ್ವೇಶ್ವರಯ್ಯ ನಾಲೆಯಿರುವಾಗ ಇದರ ಗೊಡವೆ ಏಕೆಂದು ಕೇಳುವವರಿದ್ದಾರೆ. 2023ರಂತೆ ಕೃಷ್ಣರಾಜಸಾಗರ ತುಂಬದ ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಸೋಮನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳ ಮುಂದೆ ಇಂದು ಮಾರಾಟಗಾರರು ಇಡುವ ಆಯ್ಕೆಗಳು ಹಲವು. ಅವುಗಳಲ್ಲಿ ಅತಿ ಹಳೆಯದು ಕೊಳಗಳ ಪದ್ಧತಿ. ನೀರನ್ನು ಸಾಲು ಕೊಳಗಳಲ್ಲಿ ಹಲವು ದಿನ ನಿಲ್ಲಿಸಿದರೆ ಬಿಸಿಲು, ಪಾಚಿ ಮತ್ತು ಸೂಕ್ಷ್ಮಾಣುಗಳು ಕೆಲಸ ಮುಗಿಸುತ್ತವೆ. ಕರುಳಹುಳುಗಳ ಮೊಟ್ಟೆಗಳು ತಾವಾಗಿ ತಳ ಸೇರುತ್ತವೆ. ವಿದ್ಯುತ್ತು ಬಹುತೇಕ ಬೇಡ, ಆದರೆ ನೆಲ ಹೆಚ್ಚು ಬೇಕು. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹಾಕಿದ ಮಿತಿಯನ್ನು ಕೊಳಗಳು ಕಡಿಮೆ ವೆಚ್ಚದಲ್ಲಿ ಮುಟ್ಟಬಲ್ಲವು. ಆಕ್ಟಿವೇಟೆಡ್ ಸ್ಲಡ್ಜ್ ಪದ್ಧತಿಗೆ ನೆಲ ಕಡಿಮೆ ಸಾಕು. ಆದರೆ ಗಾಳಿಯೂದುವ ಯಂತ್ರ ಹಗಲಿರುಳು ನಡೆಯಬೇಕು, ರೋಗಾಣುಗಳಿಗೆ ಬೇರೆಯಾಗಿ ಕ್ಲೋರಿನ್ ಬೇಕು. ಪೊರೆಯ ಮೂಲಕ ಸೋಸುವ ಎಂ.ಬಿ.ಆರ್. ಕೊಡುವ ನೀರು ಅತ್ಯಂತ ತಿಳಿ, ಅದಕ್ಕೆ ತಕ್ಕಂತೆ ಬೆಲೆಯೂ ಹೆಚ್ಚು. ಪೊರೆಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವ ವೆಚ್ಚ ಮೊದಲ ಕೊಟೇಶನ್ನಿನಲ್ಲಿ ಕಾಣಿಸುವುದು ಅಪರೂಪ. ಹಾಲು, ಸಕ್ಕರೆಯಂಥ ಉದ್ಯಮಗಳ ಗಾಢವಾದ ನೀರಿಗೆ ಗಾಳಿಯಿಲ್ಲದೆ ಕೊಳೆಯಿಸುವ ಯು.ಎ.ಎಸ್.ಬಿ. ಸೂಕ್ತ. ಅದು ಅನಿಲವನ್ನೂ ಕೊಡುತ್ತದೆ, ಆದರೆ ಅದೊಂದೇ ಸಾಲದು.

ಇವಾವುವೂ ಕರಗಿದ ಉಪ್ಪನ್ನು ತೆಗೆಯುವುದಿಲ್ಲ ಎಂಬುದನ್ನು ಮಾರಾಟಗಾರರು ಬಾಯಿಬಿಟ್ಟು ಹೇಳುವುದಿಲ್ಲ. ಬಾಯ್ಲರಿನಿಂದ ಹೊರಬಿಟ್ಟ ನೀರು, ನೀರು ಮೆದುಗೊಳಿಸುವ ಘಟಕದ ಉಪ್ಪುನೀರು, ಕಾಸ್ಟಿಕ್ ತೊಳೆನೀರು ಉಳಿದುದರೊಡನೆ ಬೆರೆತು ಹೊಲಕ್ಕೆ ಹೋದರೆ, ಸೋಡಿಯಂ ಕೂಡಿಕೂಡಿ ಮಣ್ಣು ಗಟ್ಟಿಯಾಗಿ ನೀರಿಂಗುವುದೇ ನಿಲ್ಲುತ್ತದೆ. ಅದು ಅರಿವಾಗುವಷ್ಟರಲ್ಲಿ ನಷ್ಟ ಪಕ್ಕದ ರೈತನದಾಗಿರುತ್ತದೆ. ರಿವರ್ಸ್ ಆಸ್ಮಾಸಿಸ್ ಉಪ್ಪನ್ನು ತೆಗೆಯುತ್ತದೆ, ನಿಜ. ಉಳಿಯುವ ಗಟ್ಟಿ ಉಪ್ಪುನೀರನ್ನು ಎಲ್ಲಿಗೆ ಹಾಕುವುದು? ಉಪ್ಪಿನ ನೀರನ್ನು ಆರಂಭದಲ್ಲೇ ಬೇರೆ ಕೊಳವೆಯಲ್ಲಿ ಪ್ರತ್ಯೇಕಿಸುವುದೇ ಇದಕ್ಕಿಂತ ಎಷ್ಟೋ ಅಗ್ಗದ ದಾರಿ.

ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ನದಿ-ಕೆರೆಗೆ ಬಿಡುವ ನೀರಿನ ಬಿ.ಒ.ಡಿ. ಲೀಟರಿಗೆ 30 ಮಿ.ಗ್ರಾಂ. ಮೀರಕೂಡದು. ನೀರಾವರಿಗಾಗಿ ಭೂಮಿಗೆ ಬಿಡುವುದಾದರೆ 100ರವರೆಗೆ ಅವಕಾಶವಿದೆ. ಹೀಗಿರುವಾಗ ಕಬ್ಬಿಗೂ ತೆಂಗಿಗೂ ಹಾಯಿಸಲು ಪೊರೆ ಸೋಸುವಿಕೆಗೆ ಹಣ ಸುರಿಯುವುದು ವ್ಯವಹಾರವಲ್ಲ. ಹಲವು ಘಟಕಗಳು ಕೂಡಿ ಒಂದು ಸಾಮಾನ್ಯ ಸಂಸ್ಕರಣ ಘಟಕ, ಅದರ ಬೆನ್ನಿಗೆ ಒಂದೆರಡು ಕೊಳ, ಸೊಪ್ಪು-ತರಕಾರಿಗೆ ಆ ನೀರು ಬೇಡವೆಂಬ ಕರಾರು: ಸೋಮನಹಳ್ಳಿಗೆ ಒಪ್ಪುವುದು ಇದು. ನೆಲದ ಬೆಲೆ ಏರಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ನೆಲದ ಖರ್ಚು ಒಮ್ಮೆ, ವಿದ್ಯುತ್ ಬಿಲ್ಲು ಪ್ರತಿ ತಿಂಗಳು.

ತೆರಿಗೆಯ ದೃಷ್ಟಿಯೂ ಬದಲಾಗಿದೆ. ನೀರಿನ ಮಾಲಿನ್ಯ ತಡೆಯುವ ಯಂತ್ರಗಳಿಗೆ ಹಿಂದೆ ಇದ್ದ ಶೇ. 100 ಸವಕಳಿಯನ್ನು 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಸಲಾಯಿತು. ಮೊದಲ ವರ್ಷದ ತೆರಿಗೆ ಉಳಿತಾಯಕ್ಕಾಗಿಯೇ ದುಬಾರಿ ಯಂತ್ರ ಕೊಂಡು ನಿಲ್ಲಿಸುವುದಕ್ಕೆ ಈಗ ಅರ್ಥವಿಲ್ಲ.

ಕೋಲಾರದಲ್ಲಿ 2018ರ ಜುಲೈಯಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿದೊಡನೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ರೈತರ ನಂಬಿಕೆ ಒಮ್ಮೆ ಕದಡಿದರೆ ಪ್ರಮಾಣಪತ್ರಗಳಿಂದ ತಿಳಿಯಾಗದು. ಆದ್ದರಿಂದ ಸಾಮಾನ್ಯ ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಲಿ. ಅದರ ರೀಡಿಂಗನ್ನೂ ಉಪ್ಪಿನಂಶವೂ ಸೇರಿದ ಪರೀಕ್ಷಾ ವರದಿಯನ್ನೂ ತಿಂಗಳಿಗೊಮ್ಮೆ, ನೀರು ಪಡೆಯುವ ಗ್ರಾಮದ ಪಂಚಾಯತಿ ಕಚೇರಿಯ ಫಲಕದಲ್ಲಿ ಹಾಕಲಿ.