ಕಾಕದಂತಪರೀಕ್ಷೆ

ಕಾಗೆಗೆ ಹಲ್ಲಿಲ್ಲ. ಆದರೂ ಅದಕ್ಕೆ ಹಲ್ಲುಗಳೆಷ್ಟೆಂದು ಶೋಧಿಸ ಹೊರಡುವುದನ್ನು ನಮ್ಮ ಶಾಸ್ತ್ರಕಾರರು ಕಾಕದಂತಪರೀಕ್ಷೆಯೆಂದು ಕರೆದರು. ನಿಷ್ಫಲವಾದ ವಿಚಾರಕ್ಕೆಲ್ಲ ಅದೇ ದೃಷ್ಟಾಂತವು. ಚುನಾವಣೆಯ ಕಾಲದ ವಾರ್ತೆಗಳನ್ನು ಓದುವಾಗ ನನಗೆ ಈ ನ್ಯಾಯವು ನೆನಪಿಗೆ ಬರುತ್ತದೆ.

ಒಂದು ನಿದರ್ಶನವನ್ನು ಅರಿಕೆಮಾಡುವೆನು. 2000ನೆಯ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷಪದವಿಗೆ ಜಾರ್ಜ್ ಬುಷ್, ಆಲ್ ಗೋರ್ ಎಂಬವರು ಸ್ಪರ್ಧಿಸಿದರು. ಅಕ್ಟೋಬರ್ 3ರಂದು ಬಾಸ್ಟನ್ ನಗರದಲ್ಲಿ ಅವರ ಮೊದಲ ವಾದವು ನಡೆಯಿತು. ತೆರಿಗೆಯನ್ನು ಯಾರಿಗೆಷ್ಟು ಇಳಿಸಬೇಕು, ವೃದ್ಧರ ಔಷಧಕ್ಕೆ ಹಣವೆಲ್ಲಿಂದ, ನಿವೃತ್ತರ ನಿಧಿಯನ್ನು ಕಾಯುವುದು ಹೇಗೆ—ಇವು ಅಂದಿನ ವಿಷಯಗಳು. ಎದುರಾಳಿಯು ಮಾತನಾಡುತ್ತಿರುವಾಗ ಗೋರರು ಕೆಲವು ಬಾರಿ ನಿಟ್ಟುಸಿರು ಬಿಟ್ಟರು. ಆ ರಾತ್ರಿಯ ಹಲವು ಅಭಿಪ್ರಾಯಸಂಗ್ರಹಗಳಲ್ಲಿ ಮೇಲುಗೈ ಅವರದೇ ಆಗಿತ್ತು. ಬಳಿಕ ದೂರದರ್ಶನದವರು ಆ ನಿಟ್ಟುಸಿರುಗಳನ್ನೇ ಆರಿಸಿ, ಒಂದರ ಹಿಂದೊಂದು ಪೋಣಿಸಿ, ಮತ್ತೆ ಮತ್ತೆ ಕೇಳಿಸಿದರು. ತೆರಿಗೆಯ ಲೆಕ್ಕವು ಮೂಲೆಗೆ ಸರಿಯಿತು. ಉಸಿರಿನ ಲೆಕ್ಕವು ಮುಂದೆ ಬಂದಿತು.

ಅದಕ್ಕೆ ಮುನ್ನ, 1999ರಲ್ಲಿ, ಅಂತರ್ಜಾಲದ ನಿರ್ಮಾಣಕ್ಕೆ ಶಾಸನಸಭೆಯಲ್ಲಿ ತಾವು ಮುಂದಾದುದಾಗಿ ಗೋರರು ಹೇಳಿದ್ದರು. ಮಾತು ತುಸು ಹಿಗ್ಗಿದ್ದುದು ನಿಜ. ಆದರೆ ಗಣಕಯಂತ್ರಗಳ ಜಾಲವನ್ನು ಬೆಳೆಸಿದ 1991ರ ಶಾಸನವನ್ನು ಸೆನೆಟ್ ಸಭೆಯಲ್ಲಿ ಮಂಡಿಸಿದವರು ಅವರೇ. ಅದನ್ನು ತಾವೇ ಕಂಡುಹಿಡಿದರೆಂಬ, ಅವರಾಡದ ಮಾತು ಅವರ ತಲೆಗೆ ಕಟ್ಟಲ್ಪಟ್ಟು, ಚುನಾವಣೆಯುದ್ದಕ್ಕೂ ನಗೆಗೆ ವಸ್ತುವಾಯಿತು.

ಕೊನೆಗೆ ಫ್ಲಾರಿಡಾ ಪ್ರಾಂತದ ಸುಮಾರು 60 ಲಕ್ಷ ಮತಗಳಲ್ಲಿ ಕೇವಲ 537ರ ಅಂತರವು ಅಧ್ಯಕ್ಷರನ್ನು ನಿರ್ಣಯಿಸಿತು. ಗೋರರೇ ಗೆಲ್ಲಬೇಕಾಗಿತ್ತೆಂಬುದು ನನ್ನ ವಾದವಲ್ಲ; ನಿಟ್ಟುಸಿರೇ ಸೋಲಿಸಿತೆಂದೂ ಹೇಳಲಾರೆನು. ಆದರೆ ತಕ್ಕಡಿಯು ಇಷ್ಟು ಸೂಕ್ಷ್ಮವಾಗಿ ತೂಗುತ್ತಿರುವಾಗ, ಅದರಲ್ಲಿ ಹಾಕಿದುದು ಕಾಳೋ ಹೊಟ್ಟೋ ಎಂದು ಕೇಳಬೇಡವೆ? 2001ರಲ್ಲಿ ಅಲ್ಲಿ ತೆರಿಗೆಯು ಇಳಿಯಿತು. ಅದು ಮನೆಮನೆಯ ಆಯವ್ಯಯವನ್ನು ಮುಟ್ಟಿತು. ನಿಟ್ಟುಸಿರು ಯಾರ ಒಲೆಯನ್ನೂ ಉರಿಸಲಿಲ್ಲ, ಆರಿಸಲೂ ಇಲ್ಲ.

ಪತ್ರಿಕೆಗಳನ್ನಷ್ಟೇ ದೂಷಿಸುವುದು ತರವಲ್ಲ. ಜಗಳವನ್ನು ಬರೆಯುವುದೂ ಸುಲಭ, ಓದುವುದೂ ಸುಲಭ. ಕಳೆದ ಚುನಾವಣೆಯಲ್ಲಿ ಯಾರು ಯಾರನ್ನು ಏನೆಂದು ಹಳಿದರೆಂಬುದೆಲ್ಲ ನನಗೆ ಕಂಠಪಾಠವಾಗಿತ್ತು. ನಮ್ಮ ಕ್ಷೇತ್ರದ ಉಮೇದುವಾರರ ಆಸ್ತಿಯೆಷ್ಟು, ಸಾಲವೆಷ್ಟು, ಮೊಕದ್ದಮೆಗಳೆಷ್ಟು ಎಂದು ಸೊಸೆಯು ಕೇಳಿದಾಗ ಬಾಯಿ ಕಟ್ಟಿತು. 2003ರಿಂದ ನಮ್ಮ ದೇಶದ ಪ್ರತಿಯೊಬ್ಬ ಉಮೇದುವಾರನೂ ಇವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ. ಚುನಾವಣಾ ಆಯೋಗವು ಅದನ್ನು ಸರ್ವರಿಗೂ ತೆರೆದಿಟ್ಟಿದೆ. ಅವಳು ಅದನ್ನು ಓದಿದ್ದಳು. ನಾನಾದರೋ ಕಾಗೆಯ ಹಲ್ಲುಗಳನ್ನೆಣಿಸುತ್ತಿದ್ದೆನು.

ವಾಚಕರೆ, ಮನೆಗೆ ಅಳಿಯನನ್ನು ಗೊತ್ತುಮಾಡುವಾಗ ಅವನ ನಿಟ್ಟುಸಿರುಗಳನ್ನು ಎಣಿಸಿ ಒಪ್ಪುವ ಗೃಹಸ್ಥನುಂಟೆ?